ತ್ರಿಶಲಾ ಡಬ್ಬಿ ಕಳಿಸುವುದನ್ನು ಬಿಟ್ಟಳು

ಖಾನಾಪುರದಲ್ಲಿ ಬೀಳುವ ಮಳೆಗೆ ಮೀನುಗಳೂ ಕೊಡೆ ಹಿಡಿದು ಅಡ್ಡಾಡುತ್ತವೆ. ಅಂಥ ನಾಲ್ಕು ತಿಂಗಳ ಮಳೆಗೂ ಆರದ ಬೆಂಕಿ ಇಡೀ ತಾಲ್ಲೂಕಿನಲ್ಲಿ ಒಂದೇ ಒಂದಿತ್ತು. ಅದು ಚೌಗುಲೆಯವರ ಹಿರಿಯ ಸೊಸೆ ತ್ರಿಶಲಾಳ ಹೊಟ್ಟೆಯೊಳಗಿತ್ತು.

ಆ ಬೆಂಕಿ ಹಚ್ಚಿದವಳು ಕಿರಿಯ ಸೊಸೆ ಬ್ರಾಹ್ಮಿ. ಪಾಪ, ಅವಳೇನೂ ಕಡ್ಡಿ ಗೀರಿರಲಿಲ್ಲ. ಅವಳ ಹೆಸರಿನ ಫಾರ್ಮಸಿಸ್ಟ್ ಸರ್ಟಿಫಿಕೇಟು ಮಾತ್ರ ಬಸ್ ಸ್ಟ್ಯಾಂಡ್ ಹತ್ತಿರದ ಚೌಗುಲೆ ಮೆಡಿಕಲ್ ಸ್ಟೋರ್ಸಿನ ಗೋಡೆಯ ಮೇಲೆ, ತೀರ್ಥಂಕರರ ಫೋಟೋದ ಪಕ್ಕದಲ್ಲಿ, ಗಾಜು ಹಾಕಿಸಿಕೊಂಡು ಕೂತಿತ್ತು.

ಮೊದಲು ಆ ಜಾಗದಲ್ಲಿ ಬೇರೆ ಯಾರದೋ ಸರ್ಟಿಫಿಕೇಟು ಇತ್ತು. ಅದರ ಧಣಿ ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು, ಬಾಡಿಗೆ ಇಸಿದುಕೊಂಡು, ಚಹಾ ಕುಡಿದು ಹೋಗುತ್ತಿದ್ದ. ಕೆಮ್ಮಿನ ಔಷಧ ಯಾವ ಕಪಾಟಿನಲ್ಲಿದೆ ಎಂದು ಕೇಳಿದರೆ ಅವನು ಕೆಮ್ಮುತ್ತಿದ್ದ, ಅಷ್ಟೇ. ಆಗ ಎಲ್ಲ ಕಡೆ ಹಾಗೆಯೇ ನಡೆಯುತ್ತಿತ್ತು. ಬರಬರುತ್ತ ಕಾನೂನು ಬಿಗಿಯಾಯಿತು. ಯಾರ ಹೆಸರು ಗೋಡೆಯ ಮೇಲಿದೆಯೋ ಅವರೇ ಕೌಂಟರಿನ ಹಿಂದೆ ನಿಂತಿರಬೇಕು, ಡಾಕ್ಟರರ ಚೀಟಿಯ ಔಷಧ ಅವರ ಕಣ್ಣ ಮುಂದೆಯೇ ಹೋಗಬೇಕು ಎಂದು ಮೇಲಿಂದ ಮೇಲೆ ತಪಾಸಣೆ ಶುರುವಾಯಿತು. ಮಾವ ತಾತ್ಯಾಸಾಹೇಬರು ಮೂರು ದಿನ ಮೀಸೆ ಸವರಿಕೊಂಡು ಕೂತು, ನಾಲ್ಕನೆಯ ದಿನ ಕಿರಿಯ ಮಗ ಅನೇಕಾಂತನಿಗೆ ಹೆಣ್ಣು ನೋಡಲು ಬೆಳಗಾವಿಯ ಸದಾಶಿವನಗರಕ್ಕೆ ಹೋದರು. ಅಲ್ಲಿ ಹುಡುಗಿಯ ಜಾತಕ ಕೇಳಲಿಲ್ಲ, ಹಾಡಲು ಬರುತ್ತದೆಯೇ ಎಂದೂ ಕೇಳಲಿಲ್ಲ. “ಫಾರ್ಮಸಿ ಕೌನ್ಸಿಲಿನ ನಂಬರ್ ಎಷ್ಟ ತಂಗಿ?” ಎಂದು ಕೇಳಿದರು. ಹುಡುಗಿ ತಡವರಿಸದೆ ಹೇಳಿದಳು. ಅಲ್ಲೇ ಬೆಲ್ಲ ಹಂಚಿ ಸಂಬಂಧ ಗಟ್ಟಿ ಮಾಡಿಬಿಟ್ಟರು.

ಬ್ರಾಹ್ಮಿ ಸೊಸೆಯಾಗಿ ಬಂದ ದಿನದಿಂದ ಆ ಮನೆಯಲ್ಲಿ ರೊಟ್ಟಿಯ ಹಂಚಿನಿಂದ ಇಳಿಯುವ ಮೊದಲ ಭಕ್ರಿ ಅವಳದೇ.

“ಬ್ರಾಹ್ಮಿಗೆ ಮೊದಲ ಹಾಕವಾ ತ್ರಿಶಲಾ. ಒಂಬತ್ತಕ್ಕ ಅಂಗಡಿ ತೆಗೀಬೇಕು,” ಎನ್ನುವರು ತಾತ್ಯಾಸಾಹೇಬರು.

“ನಿಮ್ಮ ಹಿರೇ ಮಗಾನೂ ಅಲ್ಲಿಗೇ ಹೊಂಟಾರಲ್ರಿ ಮಾಮಾರ. ಅವರಿಗೂ ಹೊಟ್ಟಿ ಐತಿ.”

“ಅಂವಾ ತಡಾ ಆದ್ರ ನಡೀತೈತಿ. ಆಕಿ ತಡಾ ಆದ್ರ ಶಟರ್ ಏಳಂಗಿಲ್ಲ.”

ಹಿರಿಯ ಮಗ ವೃಷಭ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ಇಪ್ಪತ್ತೆರಡು ವರ್ಷ ಆ ಅಂಗಡಿಯಲ್ಲಿ ನಿಂತು ಅವನ ಹಿಮ್ಮಡಿ ಸವೆದು ಕಾಲುಗಳು ಎರಡು ಇಂಚು ಗಿಡ್ಡಾಗಿದ್ದವು. ಡಾಕ್ಟರರ ಹೆಂಡಂದಿರಿಗೂ ತಿಳಿಯದ ಡಾಕ್ಟರರ ಅಕ್ಷರವನ್ನು ಅವನು ರಸ್ತೆಯ ಆ ಬದಿಯಿಂದಲೇ ಓದುತ್ತಿದ್ದ. ಆದರೆ ಅವನು ಓದಿದ್ದು ಬಿ.ಎ. ಕಾನೂನಿನ ಲೆಕ್ಕದಲ್ಲಿ ಅವನೂ ಒಂದೇ, ಅಂಗಡಿ ಬಾಗಿಲಲ್ಲಿಟ್ಟ ತೂಕದ ಮಷೀನೂ ಒಂದೇ.

ಇದನ್ನೆಲ್ಲ ತ್ರಿಶಲಾ ಸಹಿಸಿದಳು. ಮಗಳು ರತ್ನಮಾಲಾ ಪಿಯುಸಿ ಪುಸ್ತಕದಿಂದ ತಲೆ ಎತ್ತಿ, “ಅವ್ವಾ, ನಾನೂ ಬ್ರಾಹ್ಮಿ ಕಾಕಿ ಹಂಗ ಫಾರ್ಮಸಿನ ಮಾಡ್ತೇನಿ,” ಎಂದಾಗಲೂ ಸಹಿಸಿದಳು. ಅವತ್ತು ಹಂಚಿನ ಮೇಲಿನ ಭಕ್ರಿ ಮಾತ್ರ ಕಲ್ಲಿದ್ದಲಾಗಿತ್ತು.

“ಯಾಕ? ನಿಮ್ಮವ್ವನ ಹಂಗ ಆದ್ರ ಏನ ಕಡಿಮಿ ಆಗತೈತಿ?”

“ಅವ್ವಾ, ನಿನ್ನ ಹಂಗ ಆಗಾಕ ಕಾಲೇಜ ಇಲ್ಲಲ್ಲವಾ.”

ಹುಡುಗಿ ಹೊಗಳಿದಳೋ ಬೈದಳೋ ಎಂದು ತ್ರಿಶಲಾ ಎರಡು ದಿನ ಯೋಚಿಸಿ, ಬೈದಳು ಎಂದೇ ತೀರ್ಮಾನಿಸಿದಳು.

ಅಷ್ಟರಲ್ಲಿ ಸ್ಟ್ಯಾಂಡಿನ ಎದುರಿಗೆ ಕನ್ನಡಿ ಗೋಡೆಯ ದೊಡ್ಡ ಔಷಧದಂಗಡಿ ಬಂತು. ನೂರು ರೂಪಾಯಿಗೆ ಇಪ್ಪತ್ತು ಬಿಡುವ ಸೋಡಿ, ಒಳಗೆ ತಣ್ಣಗಿನ ಗಾಳಿ. ಮೊಬೈಲಿನಲ್ಲಿ ಒತ್ತಿದರೆ ಗುಳಿಗೆ ಮನೆಗೇ ಬರುವ ಕಾಲ ಬೇರೆ. ಔಷಧದ ಬೆಲೆಯನ್ನೆಲ್ಲ ಡಬ್ಬಿಯ ಮೇಲೆ ಅಚ್ಚು ಹಾಕಿಯೇ ಕಳಿಸುವಾಗ ಸಣ್ಣ ಅಂಗಡಿಯವನು ಏನು ತಾನೇ ಬಿಟ್ಟುಕೊಟ್ಟಾನು? ಗಿರಾಕಿ ಕಡಿಮೆಯಾಗಿ, ವೃಷಭ ಬಾಗಿಲಲ್ಲಿ ನಿಂತು ಎದುರಿನ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುವಂತಾಯಿತು.

ಆಗ ಬ್ರಾಹ್ಮಿ ಒಂದು ಕೆಲಸ ಮಾಡಿದಳು. ಬಂದವರನ್ನು ಸ್ಟೂಲಿನ ಮೇಲೆ ಕೂಡಿಸಿ, ಯಾವ ಗುಳಿಗೆ ಉಂಡ ಮೇಲೆ, ಯಾವುದು ಉಣ್ಣುವ ಮುಂಚೆ ಎಂದು ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ ತಿಳಿಸಿ ಹೇಳತೊಡಗಿದಳು. ಬಿ.ಪಿ. ನೋಡಿ ಚೀಟಿಯಲ್ಲಿ ಬರೆದುಕೊಟ್ಟಳು. ಒಂದು ತಿಂಗಳಲ್ಲಿ ಗುಂಜಿ ಹಳ್ಳಿಯ ಕಾಡಿನಂಚಿನಿಂದ ಮುದುಕಿಯರು, ರೋಗ ಇದ್ದವರೂ ಇಲ್ಲದವರೂ, “ಆ ಬ್ರಾಹ್ಮಿಬಾಯಿ ಭಾಳ ಚಲೋ ಹೇಳ್ತಾಳ,” ಎನ್ನುತ್ತ ಬಂದರು. ಕಾಡಿನ ಕರಡಿಗಳೂ ಬಿ.ಪಿ. ತೋರಿಸಲು ಸಾಲು ಹಚ್ಚಿದ್ದವು ಎಂದು ಆಟೋದ ಬೀರಣ್ಣ ಇಂದಿಗೂ ಆಣೆ ಮಾಡಿ ಹೇಳುತ್ತಾನೆ.

ಈ ಬೀರಣ್ಣನ ಆಟೋದಲ್ಲೇ ದಿನಾ ನಾಲ್ಕೂವರೆಗೆ ಅಂಗಡಿಗೆ ಎರಡು ಊಟದ ಡಬ್ಬಿ ಹೋಗುತ್ತಿದ್ದವು. ಚೌಗುಲೆಯವರು ಜೈನರು, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವವರಲ್ಲ. ಅಂಗಡಿಯಲ್ಲಿ ವೃಷಭನೂ ಬ್ರಾಹ್ಮಿಯೂ ಕಪಾಟಿನ ಹಿಂದೆ ಸರದಿಯ ಮೇಲೆ ಕೂತು ಉಂಡು, ರಾತ್ರಿ ಎಂಟೂವರೆಯವರೆಗೆ ವ್ಯಾಪಾರ ಮಾಡುತ್ತಿದ್ದರು.

ಒಂದು ದಿನ ಖಾಲಿ ಡಬ್ಬಿಯ ಜೊತೆಗೆ ಒಂದು ಚೀಟಿ ಬಂತು. ಬ್ರಾಹ್ಮಿಯ ದುಂಡನೆಯ ಅಕ್ಷರ: “ಅಕ್ಕಾರ, ಝುಣಕದಾಗ ಉಪ್ಪು ತುಸು ಕಡಿಮಿ ಹಾಕ್ರಿ. ಭಾವಾರ ಬಿ.ಪಿ. ಹೆಚ್ಚಾಗೇತಿ.”

ತ್ರಿಶಲಾ ಅದನ್ನು ಏಳು ಸಲ ಓದಿದಳು. ಎಂಟನೆಯ ಸಲಕ್ಕೆ ಕಾಗದವೇ ಬಿಸಿಯಾಯಿತು. ತನ್ನ ಗಂಡನಿಗೆ ಬಿ.ಪಿ. ಇರುವುದು ತನಗೇ ಗೊತ್ತಿಲ್ಲ, ಇವಳಿಗೆ ಗೊತ್ತು!

ಅವತ್ತು ಎಲ್ಲರೂ ಮನೆ ಸೇರುವುದನ್ನೇ ಕಾದಿದ್ದು ಅವಳು ಪಡಸಾಲೆಯ ನಡುವೆ ನಿಂತಳು.

“ಇಪ್ಪತ್ತೆರಡು ವರ್ಷ ಇವರು ಈ ಕೈಯಾನ ಉಪ್ಪ ತಿಂದಾರ. ಇನ್ನೂ ಸತ್ತಿಲ್ಲ.”

“ಅಕ್ಕಾರ, ನಾ ಹಂಗ ಅಂದಿಲ್ರಿ...”

“ನೀ ಏನೂ ಅನ್ನಂಗಿಲ್ಲವಾ, ಬರದ ಕಳಸ್ತಿ. ಕಲತಾಕಿ ಅಲ್ಲ! ನಾಳಿಂದ ಡಬ್ಬಿ ಇಲ್ಲ. ಉಣ್ಣಾವರು ಮನಿಗಿ ಬರ್ರಿ. ಬಿಸಿ ಬಿಸಿ ಹಾಕ್ತೇನಿ. ಉಪ್ಪ ಬಾಜೂಕ ಇಡ್ತೇನಿ. ಯಾರಿಗೆ ಎಷ್ಟ ಬೇಕ ಅಷ್ಟ ಅಳದ ಹಾಕ್ಕೋರಿ.”

ಅನೇಕಾಂತ ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ದಿನವಿಡೀ ಡಾಕ್ಟರರ ಬಾಗಿಲು ಕಾಯುವವನು. ಮಾತಾಡುವ ಮುಂಚೆ ನಗುವುದು ಅವನಿಗೆ ಉದ್ಯೋಗದಿಂದ ಬಂದ ಚಟ. “ವೈನಿ, ಆಕಿ ಮನಿಗಿ ಬಂದ್ರ ಅಂಗಡ್ಯಾಗ ಯಾರಿರ್ತಾರ?” ಎಂದು ನಕ್ಕ.

“ಯಾರಂದ್ರ? ನಿಮ್ಮಣ್ಣ. ಇಷ್ಟ ವರ್ಷ ಯಾರಿದ್ರು ಅಲ್ಲಿ? ಗೋಡಿ ಮ್ಯಾಲಿನ ಗಾಜ ವ್ಯಾಪಾರ ಮಾಡತಿತ್ತೇನು?”

ಎಲ್ಲರೂ ವೃಷಭನ ಮುಖ ನೋಡಿದರು. ಅವನು ಬೇಡ ಎನ್ನಬೇಕಿತ್ತು. ಆದರೆ ಬ್ರಾಹ್ಮಿ ಬಂದ ಎರಡು ವರ್ಷದ ಮೇಲೆ ಒಂದು ತಾಸಾದರೂ ತನ್ನ ಅಂಗಡಿಗೆ ತಾನೇ ಧಣಿಯಾಗುವ ಆಸೆ ಅವನನ್ನು ಬಿಡಲಿಲ್ಲ.

“ಬರಲಿ ತಗೋ. ಒಂದ ತಾಸಿನ ಮಾತು. ನಾ ಮೊದಲ ಉಂಡ ಹೋಗ್ತೇನಿ, ಆಮ್ಯಾಲ ಆಕಿ ಬರಲಿ,” ಎಂದ.

“ನಾ ಇಲ್ಲದಾಗ ಚೀಟಿ ಔಷಧ ಕೊಡಬ್ಯಾಡ್ರಿ ಭಾವಾರ,” ಎಂದಳು ಬ್ರಾಹ್ಮಿ. “ಸಾಬೂನು, ಹತ್ತಿ, ಗ್ಲೂಕೋಸ್ ಕೊಡ್ರಿ, ಸಾಕು.”

“ನನಗ ಕಲಸ್ತಿ?” ಎಂದ ವೃಷಭ. ಅಲ್ಲಿಗೆ ಆ ಮಾತು ಮುಗಿಯಿತು.

ಮೂರು ವಾರ ಎಲ್ಲ ಸುಸೂತ್ರ. ಬ್ರಾಹ್ಮಿ ಸಂಜೆ ಐದೂಕಾಲಿಗೆ ಓಡಿ ಬಂದು, ಬಾಯಿ ಸುಟ್ಟುಕೊಂಡು ಉಂಡು, ಮತ್ತೆ ಓಡುವಳು. ತ್ರಿಶಲಾ ಬಡಿಸುತ್ತ ನಿಲ್ಲುವಳು. ಅಂಗಡಿಯ ರಾಣಿ ಕೆಳಗೆ ಕೂತಿದ್ದಾಳೆ, ಸೌಟು ತನ್ನ ಕೈಯಲ್ಲಿದೆ. ಆ ಹತ್ತು ನಿಮಿಷಕ್ಕೆ ಬೆಳಗಾವಿ ಜಿಲ್ಲೆಯನ್ನೇ ಬರೆದುಕೊಡುತ್ತೇನೆಂದರೂ ಅವಳು ಒಪ್ಪುತ್ತಿರಲಿಲ್ಲ.

ನಾಲ್ಕನೆಯ ವಾರದ ಗುರುವಾರ ಬ್ರಾಹ್ಮಿ ಅರ್ಧ ಭಕ್ರಿ ಮುರಿದಿದ್ದಾಗ ಫೋನು ಬಡಿದುಕೊಂಡಿತು. ಅವಳು ಕೇಳಿದಳು. ಮುಖ ಹಾಲಿನ ಹಾಗೆ ಬೆಳ್ಳಗಾಯಿತು. ಕೈಯನ್ನೂ ಸರಿಯಾಗಿ ತೊಳೆಯದೆ ಎದ್ದಳು.

“ಯಾಕ? ಉಪ್ಪ ಹೆಚ್ಚಾತೇನು?”

“ಡ್ರಗ್ ಇನ್ಸ್‌ಪೆಕ್ಟರ್ ಬಂದಾರಂತ, ಅಕ್ಕಾರ.”

ನಡೆದದ್ದು ಇಷ್ಟು. ಗುಂಜಿಯ ಬಾಳವ್ವ ಮೊಮ್ಮಗನಿಗೆ ಜ್ವರವೆಂದು ಡಾಕ್ಟರರ ಚೀಟಿ ಹಿಡಿದು ಬಂದಿದ್ದಳು. ಬಸ್ಸು ಹೊರಡಲು ಐದು ನಿಮಿಷ. “ಬ್ರಾಹ್ಮಿಬಾಯಿ ಬರೂತನಕ ಕುಂದ್ರು,” ಎಂದರೆ ಮುದುಕಿ ಅಳುವುದಕ್ಕೇ ಶುರು ಮಾಡಿದಳು. ವೃಷಭ ಕಣ್ಣು ಮುಚ್ಚಿ ಕೈ ಚಾಚಿದರೂ ಸಿಗುವ ಔಷಧ, ಕೊಟ್ಟುಬಿಟ್ಟ. ಅದು ಜೋರಿನ ಆ್ಯಂಟಿಬಯೋಟಿಕ್ ಔಷಧ. ಬೇರೆಯದೇ ಪುಸ್ತಕದಲ್ಲಿ ರೋಗಿಯ, ಡಾಕ್ಟರರ ಹೆಸರು ಬರೆದು, ಫಾರ್ಮಸಿಸ್ಟ್ ಸಹಿ ಮಾಡಿಯೇ ಕೊಡಬೇಕಾದ್ದು. ಬಾಳವ್ವನ ಬೆನ್ನ ಹಿಂದೆ ಸಾದಾ ಅಂಗಿ ತೊಟ್ಟು ನಿಂತಿದ್ದವರೇ ಇನ್ಸ್‌ಪೆಕ್ಟರ್.

“ಫಾರ್ಮಸಿಸ್ಟ್ ಎಲ್ಲಿ?”

“ಊಟಕ್ಕ ಹೋಗ್ಯಾರ ಸರ್.”

“ಐದೂವರೀಕ ಎಂಥಾ ಊಟ? ಮಧ್ಯಾಹ್ನದ್ದೋ, ರಾತ್ರೀದೋ?”

“ನಾವು ಹೊತ್ತ ಮುಳಗಿದ ಮ್ಯಾಲ ಉಣ್ಣಂಗಿಲ್ರಿ.”

“ಉಣಬ್ಯಾಡ್ರಿ. ಯಾರು ಉಣ್ಣು ಅಂದ್ರು? ಔಷಧ ಯಾಕ ಮಾರಿದ್ರಿ?”

ವೃಷಭ ಫೋನಿನಲ್ಲಿ ಬ್ರಾಹ್ಮಿಯ ನಂಬರ್ ಒತ್ತಿದ.

ಬ್ರಾಹ್ಮಿ ಮರಳಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ತಾಟಿನಲ್ಲಿ ಅರ್ಧ ಭಕ್ರಿ ಒಣಗುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ, ನೀರು ಕುಡಿದು ಕೋಣೆಗೆ ಹೋದಳು.

“ಉಪಾಸ ಮಲಗಿತಲ್ಲ ಹುಡುಗಿ,” ಎಂದು ತಾತ್ಯಾಸಾಹೇಬರು ಮರುಗಿದರು.

“ಕಾಕಿಗೆ ಎಷ್ಟ ತ್ರಾಸ,” ಎಂದು ರತ್ನಮಾಲಾ ಕಣ್ಣು ಒರೆಸಿಕೊಂಡಳು.

ತ್ರಿಶಲಾಳೂ ಅವತ್ತು ಉಂಡಿರಲಿಲ್ಲ. ಅದನ್ನು ಒಬ್ಬರೂ ಕೇಳಲಿಲ್ಲ. ಉಪವಾಸ ಬಿದ್ದರೂ ಇವಳೇ ಗೆಲ್ಲುತ್ತಾಳಲ್ಲ ಎಂದು ಅವಳ ಖಾಲಿ ಹೊಟ್ಟೆ ಇನ್ನಷ್ಟು ಉರಿಯಿತು.

ಎಂಟು ದಿನಕ್ಕೆ ನೋಟೀಸು ಬಂತು. ಲೈಸೆನ್ಸ್ ಯಾಕೆ ರದ್ದು ಮಾಡಬಾರದು, ಕಾರಣ ಹೇಳಿ ಎಂದು. ಅನೇಕಾಂತ ಅದನ್ನು ಓದಿದ. ಈ ಸಲ ಅವನು ನಗಲಿಲ್ಲ.

“ರದ್ದಾದ್ರ ಒಬ್ಬ ಹೋಲ್‌ಸೇಲರೂ ಮಾಲು ಕೊಡಂಗಿಲ್ಲ. ಎದುರಿನವ್ರು ಬೆಲ್ಲ ಹಂಚತಾರ. ಅದಕ್ಕಿಂತಾ, ಬ್ರಾಹ್ಮಿ ಹೆಸರು ಕೌನ್ಸಿಲಿಗೆ ಹೋದ್ರ ಆಕಿ ರಜಿಸ್ಟ್ರೇಶನ್ನೂ ಹೋಗಬಹುದು. ಆಮ್ಯಾಲ ಯಾವ ಅಂಗಡ್ಯಾಗೂ ನಿಂದ್ರಾಕ ಬರಂಗಿಲ್ಲ.”

ಆ ಮಾತು ಕೇಳಿ ಸಂತೋಷವಾಗುತ್ತದೆ ಎಂದು ತ್ರಿಶಲಾ ಬಾಗಿಲ ಹಿಂದೆ ಕಾದು ನಿಂತಳು. ಅರ್ಧ ತಾಸು ಕಾದಳು. ಸಂತೋಷ ಬರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

“ನಾನ ಮತಿಗೇಡಿ,” ಎಂದ ವೃಷಭ. “ಮುದಿಕಿ ಅತ್ತಳು, ಕೊಟ್ಟೆ. ನನ್ನ ಜೇಲಿಗಿ ಹಾಕ್ರಿ ಅಂತ ಬರೀರಿ.”

“ಸುಮ್ನ ಕುಂದ್ರಲೇ,” ಎಂದರು ತಾತ್ಯಾಸಾಹೇಬರು. “ಆ ವ್ಯಾಳ್ಯಾಕ ಫಾರ್ಮಸಿಸ್ಟ್ ಯಾಕ ಇರಲಿಲ್ಲ ಅಂತ ಕೇಳ್ಯಾರ. ಅದಕ್ಕ ಏನ ಬರಿಯೂಣು ಬ್ರಾಹ್ಮೀ?”

ತ್ರಿಶಲಾ ಸೆರಗು ಸಿಕ್ಕಿಸಿ ಸಜ್ಜಾದಳು. ಈಗ ತನ್ನ ಹೆಸರು ಬರುತ್ತದೆ. ಹತ್ತು ಉತ್ತರ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು, ಒಂದಕ್ಕಿಂತ ಒಂದು ಖಾರ.

“ನನ್ನ ತಪ್ಪು ಅಂತ ಬರೀರಿ ಮಾಮಾರ,” ಎಂದಳು ಬ್ರಾಹ್ಮಿ.

ಹತ್ತೂ ಉತ್ತರ ಹಾಗೆಯೇ ಹಳಸಿದವು.

ಮನೆಯಲ್ಲಿ ಸುಮ್ಮನಿದ್ದು ಆಫೀಸಿನಲ್ಲಿ ಹೇಳುತ್ತಾಳೆ, ಕಲಿತವರ ಬುದ್ಧಿಯೇ ಹೀಗೆ ಎಂದು ತ್ರಿಶಲಾ ಲೆಕ್ಕ ಹಾಕಿದಳು. ಬೆಳಗಾವಿಯಲ್ಲಿ ವಿಚಾರಣೆಯ ದಿನ ಅವಳು ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತಳು.

“ನೀ ಯಾಕ?” ಎಂದ ವೃಷಭ.

“ನನಗೂ ಬೆಳಗಾವ್ಯಾಗ ಕೆಲಸ ಐತಿ.”

“ಏನ ಕೆಲಸ?”

“ಹೋದ ಮ್ಯಾಲ ನೆನಪಾಗತೈತಿ. ನಡೀರಿ.”

ಕಾರು ದಾರಿಯಲ್ಲಿನ ದೇಸೂರ ದಾಟಿ ಬೆಳಗಾವಿ ಸೇರಿತು.

ವಿಚಾರಣೆ ಮಾಡುವ ಅಧಿಕಾರಿ ನಿವೃತ್ತಿಗೆ ಬಂದ ಹೆಣ್ಣುಮಗಳು. ಅವರ ಮೇಜಿನ ಮೇಲಿನ ಫೈಲುಗಳ ರಾಶಿ ಹತ್ತಲು ಏಣಿ ಬೇಕಿತ್ತು. ಕನ್ನಡಕದ ಮೇಲಿಂದ ಬ್ರಾಹ್ಮಿಯನ್ನು ನೋಡಿ ಕೇಳಿದರು:

“ಎರಡು ವರ್ಷ ಎಲ್ಲಾ ರಿಕಾರ್ಡ್ ಚೊಕ್ಕ ಅದ. ಹೋದ ತಿಂಗಳಿಂದ ಮಾತ್ರ ದಿನಾ ಸಂಜಿ ಒಂದು ತಾಸು ನೀವಿಲ್ಲ. ಯಾಕ?”

ತ್ರಿಶಲಾ ಕುರ್ಚಿಯ ಅಂಚಿಗೆ ಸರಿದಳು.

“ತಪ್ಪು ನಂದ ರೀ ಮೇಡಂ,” ಎಂದಳು ಬ್ರಾಹ್ಮಿ. “ಅಕ್ಕಾರ ಕೈಯಾನ ಬಿಸಿ ಊಟದ ರುಚಿ ಹತ್ತಿತ್ತು. ಅದರ ಆಸೇಕ ಮನಿಗಿ ಹೋದೆ. ಭಾವಾರದೇನೂ ತಪ್ಪಿಲ್ಲ. ಏನ ಶಿಕ್ಷಾ ಕೊಟ್ರೂ ನನ್ನ ಹೆಸರಿಗೇ ಕೊಡ್ರಿ.”

ಅಧಿಕಾರಿಯ ಮುಖ ಬೆಣ್ಣೆಯಾಯಿತು. ಗುಮಾಸ್ತ ಟೈಪು ಹೊಡೆಯುವುದು ನಿಲ್ಲಿಸಿದ. ಬಾಗಿಲಲ್ಲಿದ್ದ ಸಿಪಾಯಿ ಎರಡು ಬಕೆಟ್ ಕಣ್ಣೀರು ಸುರಿಸಿದ. “ಇಷ್ಟು ಪ್ರಾಮಾಣಿಕ ಹುಡುಗಿ...” ಎಂದು ಅಧಿಕಾರಿ ಶುರು ಮಾಡಿದರು.

ತ್ರಿಶಲಾಳಿಗೆ ಇನ್ನು ತಡೆಯಲಾಗಲಿಲ್ಲ. ಮನೆ ಬ್ರಾಹ್ಮಿಯದು, ಅಂಗಡಿ ಅವಳದು, ಮಗಳು ಅವಳ ಹಾಗೆ ಆಗುತ್ತಾಳಂತೆ, ಗಂಡನ ಬಿ.ಪಿ. ಕೂಡ ಅವಳದೇ. ಕೊನೆಗೆ ತಾನು ಕೈಯಾರೆ ಮಾಡಿದ ತಪ್ಪೊಂದು ಉಳಿದಿತ್ತು, ಅದನ್ನೂ ಅವಳು ತನ್ನ ಹೆಸರಿಗೆ ಮಾಡಿಕೊಂಡು ಹೊಗಳಿಸಿಕೊಳ್ಳುತ್ತಿದ್ದಾಳೆ!

ಕುರ್ಚಿ ಹಿಂದಕ್ಕೆ ಬಿತ್ತು. “ಸುಳ್ಳು! ಆ ತಪ್ಪು ಆಕೀದಲ್ರಿ, ನಂದು!”

“ನೀವ್ಯಾರು?”

“ಹಿರೇ ಸೊಸಿ. ಊಟದ ಡಬ್ಬಿ ನಿಲ್ಲಿಸಿದಾಕಿ ನಾನು. ಎರಡ ವರ್ಷ ಅಂಗಡಿಗೆ ಹೋಗತಿತ್ತು. ನಾ ಕಳಸಲಿಲ್ಲ, ಆಕಿ ಬಂದಳು. ಇಲ್ಲಾಂದ್ರ ಅಲ್ಲೇ ಇರತಿದ್ಳು.”

“ಯಾಕ ನಿಲ್ಲಿಸಿದ್ರಿ?”

ತ್ರಿಶಲಾ ಗಂಡನನ್ನು ನೋಡಿದಳು, ಮಾವನನ್ನು ನೋಡಿದಳು. ಇಷ್ಟು ದೂರ ಬಂದಾಗಿದೆ.

“ಹೊಟ್ಟಿಕಿಚ್ಚಿಗೆ ರೀ.”

ಫ್ಯಾನು ಕೂಡ ಒಂದು ಸುತ್ತು ತಪ್ಪಿತು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಮೂವತ್ತು ವರ್ಷದಾಗ ಕರೆಂಟ್ ಹೋಗಿತ್ತು ಅಂದಾರ, ಅಜ್ಜಿ ಸತ್ತಳು ಅಂದಾರ. ಒಂದ ಅಜ್ಜಿ ನಾಕ ಸಲ ಸತ್ತಿದ್ದೂ ಐತಿ. ಈ ಕಾರಣಾ ಮಾತ್ರ ಯಾರೂ ಕೊಟ್ಟಿಲ್ಲ,” ಎಂದರು. ಬಳಿಕ ದನಿ ಗಟ್ಟಿಯಾಯಿತು. “ಕೇಳ್ರಿ ಅವ್ವಾ. ಯಾರು ಡಬ್ಬಿ ಕಳಸಿದ್ರು, ಯಾರು ಬಿಟ್ರು ಅಂತ ಕಾನೂನು ಕೇಳಂಗಿಲ್ಲ. ಫಾರ್ಮಸಿಸ್ಟ್ ಇಲ್ಲದಾಗ ಚೀಟಿ ಔಷಧ ಮಾರಿದ್ದು ಖರೇ. ಮುದುಕಿಗೆ ಸರಿಯಾದ ಔಷಧನ ಹೋಗೇತಿ, ಅದು ನಿಮ್ಮ ಪುಣ್ಯಾ. ತಪ್ಪು ಹೋಗಿದ್ರ?”

ವೃಷಭ ಮೊದಲ ಸಲ ಬೆವರು ಒರೆಸಿಕೊಂಡ.

ಲೈಸೆನ್ಸ್ ರದ್ದಾಗಲಿಲ್ಲ. ಹತ್ತು ದಿನದ ಮಟ್ಟಿಗೆ ಅಮಾನತು. ಬ್ರಾಹ್ಮಿಯ ಹೆಸರು ಕೌನ್ಸಿಲಿಗೆ ಹೋಗುವುದಿಲ್ಲ, ಆದರೆ ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ ಎಂದು ಬರೆದರು.

ಅವರ ಕಾರು ದೇಸೂರಿಗೆ ಬರುವಷ್ಟರಲ್ಲಿ ಸುದ್ದಿ ಖಾನಾಪುರ ಮುಟ್ಟಿ, ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡಿತ್ತು. ಬೀರಣ್ಣನ ಆಟೋದಲ್ಲಿ ಅದು ಇನ್ನಷ್ಟು ದಪ್ಪಗಾಯಿತು: ತ್ರಿಶಲಾಬಾಯಿ ಮೇಜು ಗುದ್ದಿ ಮಾತಾಡಿದಳಂತೆ, ಅಧಿಕಾರಿಯೇ ಎದ್ದು ನಿಂತು ಕೈಮುಗಿದರಂತೆ. ಬಸದಿಯಲ್ಲಿ ಹೆಂಗಸರು ಅವಳಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟರು. “ನೆಗೆಣ್ಣಿ ಬ್ರಾಹ್ಮಿಗಾಗಿ ಮಾನಾ ಬಿಟ್ಟು ಖರೇ ಹೇಳಿದಾಕಿ,” ಎಂದರು.

ಅಂಗಡಿಯ ಶಟರು ಮುಚ್ಚಿತ್ತು. ಬಾಳವ್ವ ಮೊಮ್ಮಗನನ್ನು ಕರೆದುಕೊಂಡು ಬಂದು, ಬಾಗಿಲಿನ ನೋಟೀಸು ಓದಲು ಬಾರದೆ ಕೂತು ಕೂತು, ಕೊನೆಗೆ ಎದುರಿನ ಕನ್ನಡಿ ಅಂಗಡಿಗೇ ಹೋದಳಂತೆ. ಅದನ್ನು ಕೇಳಿದ ದಿನ ವೃಷಭ ಅಡುಗೆಮನೆಗೆ ಹೋಗಿ ಜೀರಿಗೆ, ಸಾಸಿವೆ, ಅರಿಷಿಣದ ಡಬ್ಬಿಗಳನ್ನೆಲ್ಲ ತಾರೀಖು ನೋಡಿ ಜೋಡಿಸಿಟ್ಟ.

ಐದನೆಯ ದಿನ ಸಂಜೆ, ಊಟಕ್ಕೆ ಇನ್ನೂ ಒಂದು ತಾಸಿರುವಾಗ, ಬ್ರಾಹ್ಮಿ ಭಕ್ರಿ ಬಡಿಯುತ್ತಿದ್ದಳು. ಅದು ಬಡಿಯುವುದಲ್ಲ, ಹೊಡೆಯುವುದು.

“ಹಿಟ್ಟೇನ ಮಾಡೇತಿ ನಿನಗ?” ಎಂದಳು ತ್ರಿಶಲಾ.

“ನೀವು ಯಾಕ ಎದ್ದ ನಿಂತ್ರಿ ಅಲ್ಲಿ?”

“ಅಂದ್ರ?”

“ನಾ ಎಲ್ಲಾ ನನ್ನ ಮ್ಯಾಲ ಹಾಕ್ಕೊಂಡಿದ್ದೆ. ಮೇಡಂ ನನ್ನ ಹೊಗಳಾಕ ಶುರು ಮಾಡಿದ್ರು. ಅಷ್ಟರಾಗ ನೀವು ಎದ್ದು... ಈಗ ನೋಡ್ರಿ! ಬಸದ್ಯಾಗ ನಿಮ್ಮ ಮಾತು, ಸಂತ್ಯಾಗ ನಿಮ್ಮ ಮಾತು. ರತ್ನಮಾಲಾ ಕಾಲೇಜಿನಾಗೆಲ್ಲಾ ‘ನಮ್ಮವ್ವ, ನಮ್ಮವ್ವ’ ಅಂತ ಹೇಳ್ಕೋತ ಹೊಂಟಾಳ. ನನ್ನ ಹಡದವ್ವ ಸದಾಶಿವನಗರದಿಂದ ಫೋನ್ ಮಾಡಿ, ಅಂಥಾ ನೆಗೆಣ್ಣಿ ಸಿಗಾಕ ಪುಣ್ಯಾ ಮಾಡಿರಬೇಕ ಅಂತಾಳ. ಉಪಾಸ ಬಿದ್ದಾಕಿ ನಾನು, ಹೆಸರು ಹೋಗತಿದ್ದದ್ದು ನಂದು! ನಾಕ ದಿನ ಆತು, ನನಗ ನಿದ್ದಿ ಇಲ್ಲ.”

“ಯಾಕ?”

“ಯಾಕಂದ್ರ? ಹೊಟ್ಟಿ ಉರಿತೈತಿ, ಅದಕ್ಕ!”

“ಯಾರ ಮ್ಯಾಲ?”

“ನಿಮ್ಮ ಮ್ಯಾಲ ರೀ! ಇನ್ಯಾರ ಮ್ಯಾಲ?”

ತ್ರಿಶಲಾ ಕೈಯೊಳಗಿನ ಪಾತ್ರೆ ಕೆಳಗಿಟ್ಟಳು. ಹಂಚಿನ ಕೆಳಗಿನ ಗ್ಯಾಸು ಸಣ್ಣ ಮಾಡಿದಳು. ಮಣೆ ಎಳೆದುಕೊಂಡು ಬ್ರಾಹ್ಮಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಆ ಮುಖದ ಬೆಳಕಿಗೆ ಖಾನಾಪುರದಲ್ಲಿ ಅವತ್ತು ಹೊತ್ತು ಅರ್ಧ ತಾಸು ತಡವಾಗಿ ಮುಳುಗಿತು.

“ನಳದ ಸಪ್ಪಳದಾಗ ಸರೀ ಕೇಳಲಿಲ್ಲವಾ,” ಎಂದಳು. ನಳ ಬೆಳಗಿನಿಂದ ಬಂದ್ ಇತ್ತು. “ಸಾವಕಾಶ ಇನ್ನೊಮ್ಮೆ ಹೇಳು.”